ಮೂರಕ್ಕೆ ಒಂದು

“ನಾನು ಹೇಳಿದ್ದೇ ಆಯ್ತಲ್ಲ ಉಸ್ತಾದ್ರೇ, ಮತ್ಯಾಕೆ ನನ್ ಮೇಲೆ ಮುನಿಸು?” ಎಂದು ಚೆಲುವರಾಜು ಕೇಳಿದ.

ಚೆಲುವರಾಜು ಮೈಸೂರಿನ ಆ ಗರಡಿಮನೆಯ ಹಿರಿಯ ಶಿಷ್ಯ. ಮೂರು ತಿಂಗಳ ಹಿಂದೆ ಅಲ್ಲಿಗೆ ರುದ್ರೇಶ ಎಂಬ ಹೊಸಬ ಬಂದು ಸೇರಿದ್ದ. ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಹಾಕುವವನು, ವಯಸ್ಸು ಮೂವತ್ತೆರಡು. ದಸರಾ ಕುಸ್ತಿಯಲ್ಲಿ ಒಂದು ಸಲವಾದರೂ ತನ್ನ ಹೆಸರಿಗೆ ಎದುರಾಳಿಯೊಬ್ಬನ ಜೋಡಿ ಕಟ್ಟಿಸಿಕೊಳ್ಳಬೇಕು ಎಂಬುದೊಂದೇ ಅವನ ಆಸೆ. ಬಂದ ದಿನವೇ ಚೆಲುವರಾಜು ಅವನನ್ನು ಮೇಲಿಂದ ಕೆಳಗೆ ನೋಡಿ, ಈ ಆಸಾಮಿ ಮೂರು ತಿಂಗಳು ನಿಲ್ಲುವುದಿಲ್ಲ ಎಂದು ಎಲ್ಲರ ಎದುರು ಹೇಳಿದ್ದ. ಮೂರು ತಿಂಗಳು ತುಂಬಲು ನಾಲ್ಕು ದಿನ ಇರುವಾಗ ರುದ್ರೇಶ ಗರಡಿ ಬಿಟ್ಟು ಹೋದ. ಚೆಲುವರಾಜು ಅದನ್ನು ಗೆದ್ದ ಪಂದ್ಯದಂತೆ ಹೇಳಿಕೊಂಡು ತಿರುಗಿದ. ಅಂದಿನಿಂದ ಗರಡಿಯ ಗುರು ಉಸ್ತಾದ್ ಜವರಪ್ಪನವರು ಅವನ ಜೊತೆ ಮಾತು ಬಿಟ್ಟಿದ್ದರು.

ಜವರಪ್ಪನವರು ಹೊಟ್ಟೆಪಾಡಿಗೆ ಮೂವತ್ತು ವರ್ಷ ಪೇಟೆಯ ಎಲೆಕ್ಟ್ರಾನಿಕ್ಸ್ ಗೋದಾಮೊಂದನ್ನು ಕಾದವರು. ಬೇರೆ ಗುರುಗಳ ಕತೆಯಲ್ಲಿ ಸಿಂಹವೋ ನರಿಯೋ ಬಂದರೆ ಇವರ ಕತೆಯಲ್ಲಿ ವ್ಯಾಪಾರಿಗಳೇ ಬರುತ್ತಿದ್ದರು. ಅವರು ಶಿಷ್ಯನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ವ್ಯಾಪಾರಿ ಇದ್ದ. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರಗಳನ್ನು ಮಾರುತ್ತಿದ್ದ. ಆಗ ಪೇಟೆಯಲ್ಲಿ ಎರಡೇ ಯಂತ್ರ, ಒಂದು ಬಿಳಿಯದು, ಒಂದು ಕರಿಯದು. ಬಿಳಿಯದರ ಆಟ ಕರಿಯದರಲ್ಲಿ ನಡೆಯದು, ಕರಿಯದರ ಆಟ ಬಿಳಿಯದರಲ್ಲಿ ನಡೆಯದು. ಪ್ರತಿ ದೀಪಾವಳಿಗೆ ಎರಡಕ್ಕೂ ಗುಂಡು ಹಾರಿಸುವ ಒಂದೊಂದು ಹೊಸ ಆಟ, ಯಂತ್ರದ ಸಮೇತ, ಬರುತ್ತಿತ್ತು. ಬಿಳಿಯದನ್ನು ಕೊಂಡವರಿಗೂ ಕರಿಯದನ್ನು ಕೊಂಡವರಿಗೂ ಎಣ್ಣೆ ಸೀಗೇಕಾಯಿ. ಒಂದೇ ಮನೆಯ ಅಣ್ಣತಮ್ಮಂದಿರು ಇದರ ಮೇಲೆ ಮಾತು ಬಿಟ್ಟದ್ದೂ ಉಂಟು. ಗುಂಡು ಹಾರುವುದು ಪರದೆಯ ಮೇಲೆ, ಗಾಯವಾಗುವುದು ಪರದೆಯ ಈಚೆಗೆ.

ಕೊಳ್ಳಲು ಬಂದವರು ಯಾವ ಆಟ ಚೆನ್ನಾಗಿದೆ ಎಂದು ಕೇಳುತ್ತಿರಲಿಲ್ಲ. ಈ ವರ್ಷ ಯಾವುದು ಹೆಚ್ಚು ಮಾರಾಟವಾಗುತ್ತದೆ ಎಂದು ಕೇಳುತ್ತಿದ್ದರು. ಅದು ಹುಚ್ಚು ಪ್ರಶ್ನೆಯೇನೂ ಅಲ್ಲ. ಆ ಆಟಗಳನ್ನು ಒಬ್ಬನೇ ಆಡಲು ಬರುವುದಿಲ್ಲ. ಎಲ್ಲೆಲ್ಲೋ ಕೂತ ಹತ್ತು ಜನ ಇಂಟರ್ನೆಟ್ಟಿನ ಮೂಲಕ ಒಂದು ಕಡೆ ಸೇರಿದರೇ ಆಟ. ಹೆಚ್ಚು ಜನ ಕೊಂಡದ್ದನ್ನೇ ತಾನೂ ಕೊಂಡವನಿಗೆ ಎದುರಾಳಿ ಸಿಗುತ್ತಾನೆ, ಉಳಿದವನು ಪರದೆಯ ಮೇಲಿನ ಬರಿಯ ಬಯಲು ನೋಡಿಕೊಂಡು ಕೂರಬೇಕು.

ಈ ವ್ಯಾಪಾರಿಗೆ ಒಂದು ವಿದ್ಯೆ ಇತ್ತು. ಹಬ್ಬಕ್ಕೆ ಹದಿನೈದು ದಿನ ಮೊದಲು ಎರಡೂ ಆಟಗಳ ಹತ್ತು ಹತ್ತು ಮಾದರಿ ಅವನ ಕೈಸೇರುತ್ತಿತ್ತು. ಅವನ್ನು ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟು ಬಂದವರಿಗೆಲ್ಲ ಆಡಲು ಬಿಡುತ್ತಿದ್ದ. ತಾನು ಮಾತ್ರ ಪರದೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಗೆದ್ದವನನ್ನು ನೋಡುತ್ತಿರಲಿಲ್ಲ, ಸೋತವನನ್ನು ನೋಡುತ್ತಿದ್ದ. ಸೋತವನು ಎದ್ದು ಹೋದನೋ, ಇನ್ನೊಂದು ಸಲ ಎಂದನೋ, ಅಷ್ಟೇ ಅವನಿಗೆ ಬೇಕಿದ್ದದ್ದು. ಕೊನೆಗೆ ಇದು ಎರಡು ಮಾರಿಹೋದರೆ ಅದು ಒಂದು ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಆರು ವರ್ಷ ಅವನ ಮಾತು ಒಂದು ಕೂದಲೆಳೆಯಷ್ಟೂ ಹುಸಿಯಾಗಲಿಲ್ಲ. ಏಳನೆಯ ವರ್ಷದ ಹೊತ್ತಿಗೆ ಸುತ್ತಲ ಅಂಗಡಿಯವರೆಲ್ಲ ಅವನ ಮಾತು ಕೇಳಿಯೇ ಮಾಲು ತರಿಸುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಪೇಟೆಯಲ್ಲೂ ಇರುತ್ತಾರೆ.

ಆ ಏಳನೆಯ ವರ್ಷ ಕರಿಯ ಯಂತ್ರದ ಆಟವನ್ನು ಮಾಡಿದವನು ವ್ಯಾಪಾರಿಯ ಗೆಳೆಯ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ಡಬ್ಬಿಯಲ್ಲಿ ಉಂಡವರು. ಗೆಳೆಯ ನಲವತ್ತು ಜನರನ್ನು ಕಟ್ಟಿಕೊಂಡು ನಾಲ್ಕು ವರ್ಷ ಅದೊಂದೇ ಆಟಕ್ಕೆ ದುಡಿದಿದ್ದ. ಅದು ಮಾರಾಟವಾಗದಿದ್ದರೆ ಆ ನಲವತ್ತು ಜನ ಬೀದಿಗೆ ಬೀಳುತ್ತಾರೆ ಎಂಬುದು ವ್ಯಾಪಾರಿಗೂ ತಿಳಿದಿತ್ತು. ಗೆಳೆಯ ಬಂದು ಶಿಫಾರಸು ಮಾಡು ಎನ್ನಲಿಲ್ಲ. ನಿನಗೆ ಕಂಡದ್ದನ್ನು ಹೇಳು, ಸಾಕು ಎಂದು ಹೋದ.

ವ್ಯಾಪಾರಿ ಎಂದಿನಂತೆ ಎರಡನ್ನೂ ಇಟ್ಟ, ಬೆನ್ನು ಮಾಡಿ ನಿಂತ. ಬಿಳಿಯದರಲ್ಲಿ ಸೋತವರು ನಕ್ಕು ಎದ್ದು ಹೋದರು. ಕರಿಯದರಲ್ಲಿ ಸೋತವರು ಏಳಲೇ ಇಲ್ಲ. ಒಬ್ಬ ಮುದುಕ ಔಷಧಿ ತರಲು ಹೊರಟವನು ಆರು ಸಲ ಸೋತು ಏಳನೆಯ ಸಲಕ್ಕೆ ಕೂತ. ಹದಿನೈದು ದಿನವೂ ಹೀಗೆಯೇ ಆಯಿತು.

ವ್ಯಾಪಾರಿಗೆ ಸಂತೋಷವಾಗಬೇಕಿತ್ತು, ಭಯವಾಯಿತು. ಕರಿಯದು ಗೆಲ್ಲುತ್ತದೆ ಎಂದು ತಾನು ಹೇಳಿದರೆ ಜನ ಏನೆನ್ನುತ್ತಾರೆ? ಗೆಳೆಯನದಲ್ಲವೇ, ಅದಕ್ಕೇ ಎನ್ನುತ್ತಾರೆ. ಆರು ವರ್ಷ ಕಟ್ಟಿದ ಹೆಸರು ಒಂದು ಮಾತಿಗೆ ಮಣ್ಣುಪಾಲಾಗುತ್ತದೆ. ಪಕ್ಷಪಾತಿ ಎನ್ನಿಸಿಕೊಳ್ಳುವುದಕ್ಕಿಂತ ಕಟುವಾಗಿ ಹೇಳುವುದೇ ಮೇಲು ಎಂದು ಅವನಿಗೆ ತೋರಿತು. ಕರಿಯದು ಚೆನ್ನಾಗಿದ್ದರೆ ತನ್ನ ಮಾತನ್ನು ಸುಳ್ಳು ಮಾಡಿ ಗೆದ್ದುಕೊಳ್ಳಲಿ, ತನ್ನದೇನು ಅಡ್ಡಿ ಎಂದು ಸಮಾಧಾನ ಹೇಳಿಕೊಂಡ. ಮೂರು ಬಿಳಿಯದು ಹೋದರೆ ಕರಿಯದು ಒಂದು ಎಂದು ಸಾರಿದ. ಸ್ವಂತ ಗೆಳೆಯನ ಮುಖವನ್ನೂ ನೋಡದೆ ನಿಜ ಹೇಳಿದ ಎಂದು ಊರೆಲ್ಲ ಹೊಗಳಿತು. ಆ ಹೊಗಳಿಕೆ ಅವನಿಗೆ ರುಚಿಸಿತು. ನಾಚಿಕೆಗೇಡು, ಆದರೆ ರುಚಿಸಿತು.

ಹಬ್ಬ ಬಂತು. ಅಂಗಡಿಯವರು ಮೂರಕ್ಕೆ ಒಂದರಂತೆಯೇ ಮಾಲು ತರಿಸಿದ್ದರು. ಬಿಳಿಯದು ಬಾಗಿಲಲ್ಲಿ ರಾಶಿ ಬಿದ್ದಿತ್ತು, ಕರಿಯದು ಮೂಲೆಯ ಕಪಾಟಿನಲ್ಲಿ ನಾಲ್ಕೈದು. ಅದನ್ನೇ ಕೇಳಿಕೊಂಡು ಬಂದವರೂ ಇದ್ದರು. ಮುಗಿದುಹೋಯಿತು, ಹೆಚ್ಚು ತರಿಸಿಲ್ಲ, ಅದು ಓಡುವುದಿಲ್ಲವಂತೆ ಎಂದು ಅಂಗಡಿಯವರು ಹೇಳಿದರು. ಓಡುವುದಿಲ್ಲವಂತೆ ಎಂದ ಮೇಲೆ ಅವರೂ ಬಿಳಿಯದನ್ನೇ ಕೊಂಡುಹೋದರು. ಹೇಗೋ ಕರಿಯದು ಸಿಕ್ಕವರು ಮನೆಯಲ್ಲಿ ಎದುರಾಳಿ ಸಿಗದೆ ಕಾದು ಕೂತರು. ಒಂದು ವಾರ ಕಾದು ಅವರೂ ಬಿಳಿಯದರ ಕಡೆಗೆ ಹೋದರು. ತಿಂಗಳ ಕೊನೆಗೆ ಎಣಿಸಿದಾಗ ಮೂರಕ್ಕೆ ಒಂದು. ಎಳ್ಳಷ್ಟೂ ಆಚೀಚೆಯಿಲ್ಲ.

ವರ್ತಕರ ಸಂಘದವರು ವ್ಯಾಪಾರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಅವನು ಶಾಲು ಮಡಿಸಿಕೊಂಡು ಅಂಗಡಿಗೆ ಮರಳಿದಾಗ ಗೆಳೆಯ ಅಲ್ಲಿ ಕಾಯುತ್ತಿದ್ದ. ನಲವತ್ತು ಜನರಲ್ಲಿ ಕೊನೆಯವನನ್ನು ಅಂದೇ ಬೆಳಿಗ್ಗೆ ಕೈಮುಗಿದು ಕಳಿಸಿ ಬಂದಿದ್ದ. ಬೈಯುತ್ತಾನೆ ಎಂದು ವ್ಯಾಪಾರಿ ಎದೆ ಗಟ್ಟಿ ಮಾಡಿಕೊಂಡ. ಗೆಳೆಯ ಬೈಯಲಿಲ್ಲ.

“ನಿನಗೆ ಕಂಡದ್ದು ಅದೇನಾ?” ಎಂದ.

“ನಾನು ಹೇಳಿದ್ದು ಅಷ್ಟೇ ಕಣೋ, ಮಾಡಿದ್ದು ಜನ. ಕಣ್ಣೆದುರಿಗೇ ಇದೆಯಲ್ಲ, ಮೂರಕ್ಕೆ ಒಂದು,” ಎಂದ ವ್ಯಾಪಾರಿ.

ಗೆಳೆಯ ತಲೆಯಾಡಿಸಿ ಎದ್ದುಹೋದ. ಮತ್ತೆ ಆ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ವ್ಯಾಪಾರಿಯ ಮಗಳ ಮದುವೆಗೂ ಬರಲಿಲ್ಲ.

ಗೆಳೆಯ ಬಂದುಹೋದ ಮಾರನೆಯ ಭಾನುವಾರ ವ್ಯಾಪಾರಿ ಮಾದರಿಯಾಗಿ ಬಂದು ಉಳಿದಿದ್ದ ಒಂದು ಕರಿಯ ಆಟವನ್ನು ಮನೆಗೆ ಒಯ್ದು ಟಿವಿಗೆ ಹಾಕಿದ. ಆರು ವರ್ಷದ ಮೇಲೆ ಮೊದಲ ಸಲ ತಾನೇ ಆಡಲು ಕೂತ. ಎದುರಾಳಿಗಳನ್ನು ಹುಡುಕಲಾಗುತ್ತಿದೆ, ದಯವಿಟ್ಟು ಕಾಯಿರಿ ಎಂದು ಪರದೆಯ ಮೇಲೆ ಬಂತು. ಕಾದ. ಹೆಂಡತಿ ಊಟಕ್ಕೆ ಎರಡು ಸಲ ಕರೆದಳು. ಅವನು ಬಂದೂಕು ಹಿಡಿದ ಬೊಂಬೆಯನ್ನು ನೋಡುತ್ತಲೇ ಕೂತಿದ್ದ. ಒಬ್ಬನೂ ಬರಲಿಲ್ಲ. ಇಂಥ ಒಳ್ಳೆಯ ಆಟವನ್ನು ತನ್ನ ನಾಲಿಗೆಯೇ ಕೊಂದಿತು ಎಂದು ಅವನಿಗೆ ಆಗ ಅರ್ಥವಾಯಿತು.

ಅರ್ಥವಾಗಿ ಏನು ಬಂತು? ಮರುವರ್ಷ ದೀಪಾವಳಿಗೆ ಜನ ಮತ್ತೆ ಬಂದು ಯಾವುದು ಗೆಲ್ಲುತ್ತದೆ ಎಂದು ಕೇಳಿದರು. ಅವನು ಹೇಳಿದ. ಅದೂ ನಿಜವಾಯಿತು.

ಇಷ್ಟು ಹೇಳಿ ಜವರಪ್ಪನವರು ಕತೆ ನಿಲ್ಲಿಸಿದರು. ಚೆಲುವರಾಜು ದಡ್ಡನಲ್ಲ, ಕತೆ ಯಾರನ್ನು ಮುಟ್ಟಿತೆಂದು ಅವನಿಗೆ ಗೊತ್ತಾಯಿತು. ಸೋಲಲು ಮಾತ್ರ ಮನಸ್ಸಿರಲಿಲ್ಲ.

“ಆ ಯಾಪಾರಿ ಮಾತು ಕೇಳಿ ಅಂಗಡಿಯೋರು ಮಾಲೇ ತರಿಸ್ಲಿಲ್ಲ, ಅದು ಅವನ ತಪ್ಪು, ಒಪ್ಕೋತೀನಿ. ನಾನು ರುದ್ರೇಶಂಗೆ ಏನು ಅಡ್ಡ ಬಂದೆ ಉಸ್ತಾದ್ರೇ? ನಮ್ ಗರಡಿ ಬಾಗ್ಲು ದಿನಾ ತೆಗ್ದೇ ಇತ್ತಲ್ಲ?”

ಜವರಪ್ಪನವರು ಅವನ ಮುಖವನ್ನೇ ನೋಡಿ ಹೇಳಿದರು:

“ಬಾಗ್ಲು ತೆಗ್ದಿತ್ತು ಕಣಯ್ಯ, ಹಳಬರು ಕರೀದೆ ಹೊಸಬ ಕುಸ್ತಿ ಮಣ್ಣಿಗಿಳಿಯೋ ಹಾಗಿಲ್ವಲ್ಲ, ನೀನು ಅವನನ್ನ ಎಷ್ಟು ದಿನ ಕರ್ದೆ?”