ಬಿಸಿಲುಹೂವಿನ ಮೂರು ಒಗಟು

"ಕೇಳ್ರಪ್ಪೋ ಕೇಳ್ರಿ! ಇರುಂಗ ದೊರೆಗಳ ಮಗಳು ಸೋವಲಾದೇವಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಅವರ ಕೈ, ಜೊತೆಗೆ ಅರ್ಧ ರಾಜ್ಯ. ಒಂದಕ್ಕೆ ಬಾಯಿ ತೆರೆದವನು ಮೂರನ್ನೂ ಹೇಳಲೇಬೇಕು. ತಪ್ಪಿದವನು ಸೆರೆಗೆ, ಹುಣ್ಣಿಮೆ ಕಳೆದ ಮೇಲೆ ತಲೆದಂಡ!"

ಡಂಗುರದವನ ಈ ಕೂಗಿಗೆ ಉಪ್ಪರಿಗೆಯಲ್ಲಿದ್ದ ಸೋವಲೆ ಕಿವಿ ಮುಚ್ಚಿಕೊಂಡಳು. ಒಗಟು ಅವಳದು, ತಲೆದಂಡ ಅಪ್ಪ ಸೇರಿಸಿದ್ದು. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅವಳ ತಾಯಿ ಅಂಗಳದ ತುಂಬ ಬಿಸಿಲುಹೂವು ಬೆಳೆಸಿದ್ದಳು. ನೆಲಕ್ಕಂಟಿ ಹರಡುವ, ದಪ್ಪ ಸೂಜಿಯಂಥ ಎಲೆಯ ಗಿಡ. ಕೆಂಪು, ಹಳದಿ ಹೂಗಳು. "ಇದನ್ನ ನೋಡಿಕೊ ಮಗಳೇ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು. ಸೋವಲೆ ಬೆಳಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಹೊಯ್ದಳು. ಬಾಡಿತೆಂದು ಇನ್ನೂ ಹೊಯ್ದಳು. ಬುಡವೆಲ್ಲ ಕೊಳೆತು ಒಂದು ಕಡ್ಡಿಯೂ ಉಳಿಯಲಿಲ್ಲ. ಅವಳು ಸುತ್ತ ಪರದೆ ಕಟ್ಟಿಸಿ, ಗಿಡ ಚೆನ್ನಾಗಿದೆಯೆಂದು ಎಲ್ಲರಿಗೂ ಸುಳ್ಳು ಹೇಳಿದಳು. ಬೇರೆ ಕಡ್ಡಿ ಎಲ್ಲಿ ಸಿಗುತ್ತದೆಂದು ಕೇಳಿದರೆ ಗುಟ್ಟು ಬಯಲಾಗುತ್ತದೆ. ಒಗಟು ಹಾಕಿದರೆ ಆ ಗಿಡ ಬಲ್ಲವನೊಬ್ಬ ತಾನಾಗಿ ಬಂದಾನೆಂದುಕೊಂಡಳು.

ಅಂಗಳದಲ್ಲೇ ಸಭೆ ಸೇರಿತು.

"ಹೊತ್ತೇರಿದಾಗ ಕಣ್ಣು ತೆರೆಯುತ್ತದೆ, ಮೋಡ ಕವಿದರೆ ಮುಚ್ಚುತ್ತದೆ. ನೆಲ ಬಿಟ್ಟು ಏಳುವುದೇ ಇಲ್ಲ. ಏನದು?" ಎಂದಳು.

"ತಾವರೆ" ಎಂದ ನೆರೆನಾಡಿನ ರಾಜಕುಮಾರ. ತಾವರೆ ಇರುವುದು ನೀರಿನಲ್ಲಿ. ಅವನನ್ನು ಸೆರೆಗೆ ಒಯ್ದರು.

ವರ್ತಕನ ಮಗನೊಬ್ಬ ಮೊದಲನೆಯದನ್ನು ಹೇಗೋ ಹೇಳಿದ. ಹೂ ಕಂಡಿದ್ದನೇ ಹೊರತು ಬೆಳೆಸಿದವನಲ್ಲ. "ಮುರಿದಷ್ಟೂ ಬೆಳೆಯುವ ಸಂಸಾರ ಯಾವುದು?" ಎಂದದ್ದಕ್ಕೆ "ಕನ್ನಡಿ" ಎಂದ. ಕನ್ನಡಿಯ ಚೂರು ಬೆಳೆಯುತ್ತದೆಯೇ? ಅವನೂ ಸೆರೆಗೆ ಹೋದ. ಅವನ ತಾಯಿ ಬಾಗಿಲಲ್ಲಿ ಕೂಗಿ ಅತ್ತದ್ದು ಸೋವಲೆಗೆ ಕೇಳಿಸಿತು. ಆಗಲೂ ಸುಮ್ಮನಿದ್ದಳು. ಹೀಗೆ ಇನ್ನೂ ಕೆಲವರು ಸೆರೆ ಸೇರಿದರು.

ಒಂದು ದಿನ ಅಗಸರ ಮಾಚ ಮಡಿಬಟ್ಟೆಯ ಗಂಟು ತಂದವನು ಮೊದಲ ಒಗಟು ಕೇಳಿ, ಮದುವೆಯ ಯೋಚನೆಯೇ ಇಲ್ಲದೆ ಬಾಯಿಬಿಟ್ಟ.

"ಬಿಸಿಲುಹೂವಲ್ಲವಾ ಅಮ್ಮಣ್ಣಿ? ನಮ್ಮ ಒಗೆಯೋ ಕಲ್ಲಿನ ಸಂದಿಯಲ್ಲೆಲ್ಲ ಹಾಸಿಕೊಂಡಿದೆ."

ಕಾವಲಿನವರು ಸುತ್ತುವರಿದರು. ಎರಡನೆಯದಕ್ಕೂ ಅವನು ಅಂಜುತ್ತಲೇ, "ಅದೇ ಗಿಡ. ನಮ್ಮ ಕತ್ತೆ ತುಳಿದು ಮುರಿದ ಕಡ್ಡಿಯೆಲ್ಲ ಬೇರು ಬಿಡ್ತದೆ" ಎಂದ.

ಸೋವಲೆ ಮೂರನೆಯದನ್ನು ಕೇಳಿದಳು. "ಹಸಿವಿಲ್ಲದವರಿಗೆ ದಿನವೂ ಅಮೃತ ಉಣಿಸಿದರು, ಉಂಡವರು ಸತ್ತರು. ಅಮೃತ ಯಾವುದು, ಉಣಿಸಿದವರು ಯಾರು?"

ಮಾಚ ಹೇಳಹೊರಟವನು ತಡೆದ. ಪರದೆಯ ಕೆಳಗಿಂದ ಹರಿದ ಕಪ್ಪು ನೀರು, ಕೊಳೆತ ವಾಸನೆ. ಅವಳ ಮುಖ ನೋಡಿ ತಲೆ ತಗ್ಗಿಸಿದ.

"ಗೊತ್ತಿಲ್ಲ ಬುದ್ಧಿ."

"ಎಳೆದುಕೊಂಡು ಹೋಗಿ" ಎಂದ ದೊರೆ.

ಅವನಿಗೆ ಗೊತ್ತಿದೆ ಎಂದು ಸೋವಲೆಗೆ ತಿಳಿಯಿತು. ಅವಳ ಮಾನ ಉಳಿಸಲು ಅವನು ಜೀವ ಬಿಡಲು ನಿಂತಿದ್ದ. ಎದ್ದು ಪರದೆ ಕಿತ್ತೆಳೆದಳು.

"ಬಿಡಿ ಅವನನ್ನು! ಉತ್ತರ ಅವನಿಗೆ ಗೊತ್ತು. ಅಮೃತವೆಂದರೆ ನೀರು. ಉಣಿಸಿದವಳು ನಾನು. ಅಮ್ಮನ ಗಿಡವನ್ನು ನಾನೇ ಕೊಳೆಸಿದೆ, ಅಪ್ಪಾ. ಹೇಳಲು ನಾಚಿ ಇಷ್ಟು ಜನರನ್ನು ಸೆರೆಗೆ ಕಳಿಸಿದೆ."

ದೊರೆ ಇಳಿದು ಬಂದು ಕೊಳೆತ ಬುಡಗಳನ್ನು ಬಗ್ಗಿ ನೋಡಿದ. ಕೊನೆಗೆ ಮಾಚನನ್ನು ಕೇಳಿದ, "ತಿಳಿದೂ ಯಾಕೆ ಹೇಳಲಿಲ್ಲವಯ್ಯ?"

"ತುಂಬಿದ ಸಭೆಯಲ್ಲಿ ಹೇಗೆ ಹೇಳಲಿ ಬುದ್ಧಿ?"

"ಮೂರನೆಯದೂ ನಿನಗೆ ತಿಳಿದಿತ್ತು, ಬಿಡಿಸಿದಂತೆಯೇ ಲೆಕ್ಕ. ಕೊಟ್ಟ ಮಾತು ನಡೆಯುತ್ತದೆ."

"ನಾನು ಇಂಥವಳೆಂದು ಗೊತ್ತಾದ ಮೇಲೂ ಬೇಕೆ?" ಎಂದಳು ಸೋವಲೆ, ತಲೆಯೆತ್ತದೆ.

"ನೀವು ಒಪ್ಪಿದರೆ, ಅಮ್ಮಣ್ಣಿ. ನಾಳೆ ಕಡ್ಡಿ ತರ್ತೀನಿ. ಮರಳುಮಣ್ಣಿಗೆ ಊರೋಣ. ಮಣ್ಣು ಒಣಗಿದ ಮೇಲಷ್ಟೇ ನೀರು, ಅದೂ ಚಿಮುಕಿಸಿದರೆ ಸಾಕು."

ಅವಳು ಒಪ್ಪಿದಳು. ಮದುವೆಯಾಯಿತು, ಅರ್ಧ ರಾಜ್ಯವೂ ಮಾಚನದಾಯಿತು. ಆದರೆ ಅದಕ್ಕೂ ಮೊದಲು, ಅದೇ ಸಂಜೆ, ಸೋವಲೆ ಸೆರೆಮನೆಗೆ ಹೋಗಿ ಒಂದೊಂದೇ ಬಾಗಿಲು ತೆರೆಸಿ ನಡೆದದ್ದನ್ನೆಲ್ಲ ಹೇಳಿದಳು.

"ಒಂದು ಗಿಡ ಸತ್ತಿತೆಂಬ ನಾಚಿಕೆಗೆ ನನ್ನ ತಲೆ ತೆಗೆಸುತ್ತಿದ್ದೆಯಾ?" ಎಂದ ರಾಜಕುಮಾರ.

"ಹೌದು" ಎಂದು ಕೈಮುಗಿದು, ಮುಂದಿನ ಬಾಗಿಲಿಗೆ ನಡೆದಳು.