ಮೂರು ಸಲ ನರಿ ಮುಖ ನೋಡಿದ ಕಾವಲುಗಾರ

ಬೋರೆಗುಡ್ಡ ಅಂತ ಒಂದು ರಾಜ್ಯ. ಎಲ್ಲಿದೆ ಅಂತ ಕೇಳಬೇಡಿ, ಕೇಳಿದವರಿಗೆಲ್ಲ ಒಂದೊಂದು ದಿಕ್ಕು ತೋರಿಸಿ ಆಗಿದೆ. ಆ ರಾಜ್ಯದಲ್ಲಿ ಕೆಂಚವ್ವ ಅಂತ ಒಬ್ಬ ಅಜ್ಜಿ ಇದ್ದಳು. ಅರಮನೆಯ ಮಕ್ಕಳನ್ನು ಎತ್ತಿ ಆಡಿಸಿದವಳು. ಈಗಿನ ದೊರೆಯೂ ಅವಳ ಸೊಂಟದ ಮೇಲೆ ಕೂತೇ ಊರು ನೋಡಿದವನು.

ಆಗ ಊರಾಚೆ ಬರೀ ಕುರುಚಲು. ಬೋರೆ ಗಿಡ, ಕಾರೆ ಗಿಡ, ಹುತ್ತ, ಬಂಡೆ. ಅಲ್ಲಿ ನರಿಗಳಿದ್ದವು. ಬಿತ್ತನೆ ಶುರುಮಾಡೋ ದಿನ, ಹೆಣ್ಣು ನೋಡೋಕೆ ಹೋಗೋ ದಿನ, ಊರವರು ನಸುಕಿಗೇ ಎದ್ದು ಕೆರೆ ಏರಿ ಮೇಲೆ ಕೂರೋರು. ಬೆಳಗ್ಗೆ ನರಿ ಮುಖ ನೋಡಿದವರ ಮನೆಗೆ ಅದೃಷ್ಟ ಬರುತ್ತೆ ಅನ್ನೋ ನಂಬಿಕೆ. ಕೆಂಚವ್ವ ಪುಟ್ಟ ದೊರೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗೋಳು. ಮಂಜಿನೊಳಗಿಂದ ಒಂದು ನರಿ ಬರೋದು, ಉದುರಿದ ಬೋರೆಹಣ್ಣು ತಿನ್ನೋದು, ತಲೆ ಎತ್ತಿ ಒಂದು ಗಳಿಗೆ ನೋಡೋದು. ಮಗು ನಗೋದು. ಅಷ್ಟೇ. ಅಷ್ಟನ್ನು ನೆನೆಸಿಕೊಂಡರೆ ಅಜ್ಜಿಗೆ ಈಗಲೂ ಹೊಟ್ಟೆ ತಣ್ಣಗಾಗೋದು.

ಮಗು ದೊರೆಯಾಯಿತು. ಊರು ಬೆಳೆಯಿತು. ಕುರುಚಲು ಕಡಿದು ರಸ್ತೆ ಹಾಕಿದರು, ರಸ್ತೆಯ ಎರಡೂ ಕಡೆ ಮನೆ ಕಟ್ಟಿದರು. ಪರಸ್ಥಳದವರು ಬಂದು ಆ ಹೊಸ ಕೇರಿ ಸೇರಿಕೊಂಡರು. ಅವರಿಗೆ ನರಿ ಅಂದರೆ ನಡುಕ. ಒಂದು ದಿನ ನರಿ ರಸ್ತೆ ದಾಟಿತು ಅಂತ ಬಾಗಿಲು ಹಾಕಿಕೊಂಡರು. ಇನ್ನೊಂದು ದಿನ ಜಗಲಿ ಪಕ್ಕ ಹೋಯಿತು ಅಂತ ಮಕ್ಕಳನ್ನು ಒಳಗೆ ಎಳೆದುಕೊಂಡರು. ಮೂರನೇ ದಿನ ಸುಮ್ಮನೆ ನಿಂತು ನೋಡಿತು ಅಂತ ಅರಮನೆಗೇ ಓಡಿದರು.

ದೊರೆ ಆ ಕೇರಿಗೆ ಭರಮ ಅನ್ನೋ ಕಾವಲುಗಾರನನ್ನು ಇಟ್ಟ. ಭರಮನ ಮೀಸೆ ಒಂದೂವರೆ ಗೇಣು. ಅಳೆದವರು ಒಂದೇ ಗೇಣು ಅಂದರು. ಅವರ ಕೈ ದೊಡ್ಡದಿರಬೇಕು.

ಮೊದಲ ವಾರ ನೇಕಾರರ ಮನೆಯ ಕೋಳಿ ಮಾಯ. "ನರಿ ಒಯ್ತು," ಅಂದ ಭರಮ. "ಬೆಳಗ್ಗೆ ಮುಖಕ್ಕೆ ಮುಖ ಕೊಟ್ಟು ನೋಡಿದೆ."

ಎರಡನೇ ವಾರ ಬಳೆಗಾರರ ಮೇಕೆಮರಿ ಮಾಯ. "ನರಿ ಒಯ್ತು. ಬೆಳಗ್ಗೆ ಮುಖಕ್ಕೆ ಮುಖ ಕೊಟ್ಟು ನೋಡಿದೆ."

ಮೂರನೇ ವಾರ ರಾಣಿ ಸಾಕಿದ್ದ ಹುಂಜವೇ ಮಾಯ. ಅದಕ್ಕೂ ಅದೇ ಮಾತು.

ರಾಣಿ ಊಟ ಬಿಟ್ಟಳು. ದೊರೆ ಡಂಗುರ ಹೊಡೆಸಿದ: "ನಾಳೆ ಮಧ್ಯಾಹ್ನ ನರಿ ಬಿಲಕ್ಕೆ ಹೊಗೆ ಹಾಕಬೇಕು."

ಡಂಗುರ ಕೇಳಿದ ಕೆಂಚವ್ವ ಕೋಲೂರಿಕೊಂಡು ಬಿಲದ ಹತ್ತಿರ ಹೋದಳು. ಬಿಲದ ಬಾಯಲ್ಲೇ ನರಿ ಕೂತಿತ್ತು.

"ಏನೇ, ಮೂರು ಸಲ ಕದ್ದೆಯಂತೆ?"

"ತುಂಬಿದ ಬಸುರಿ ಆಗಿದ್ದೆ, ಮೇಕೆ ಹೊತ್ಕೊಂಡು ಓಡ್ತೀನಾ ಅಜ್ಜಿ? ಮೊನ್ನೆ ತಾನೇ ಮೂರು ಮರಿ ಹಾಕಿದೀನಿ. ಇನ್ನೂ ಕಣ್ಣು ಬಿಟ್ಟಿಲ್ಲ."

"ಮತ್ತೆ ರಸ್ತೆಗೆ ಯಾಕೆ ಹೋಗ್ತೀಯ?"

"ನೀರಿಗೆ. ಬಿಲ ಈ ಕಡೆ, ಕೆರೆ ಆ ಕಡೆ. ನಡುವೆ ನಿಮ್ಮ ರಸ್ತೆ ಬಂದು ಮಲಗಿದೆ. ಹೊಗೆ ಹಾಕಿದ್ರೆ ಮೂರನ್ನೂ ಒಂದೇ ಬಾಯಲ್ಲಿ ಹೆಂಗೆ ಕಚ್ಕೊಂಡು ಹೋಗ್ಲಿ?"

"ಭರಮನ್ನ ಬೆಳಗ್ಗೆ ನೋಡಿದ್ಯಾ?"

"ಬಿಸಿಲು ಮೂಗಿಗೆ ಚುಚ್ಚಿದ ಮೇಲೆ ಏಳೋನನ್ನು ಬೆಳಗ್ಗೆ ಎಲ್ಲಿ ನೋಡ್ಲಿ ಅಜ್ಜಿ?"

ಮಾರನೇ ಬೆಳಗ್ಗೆ ಕೆಂಚವ್ವ ದರ್ಬಾರಿಗೆ ಬಂದಳು. ಊರೆಲ್ಲ ಸೇರಿತ್ತು.

"ಭರಮಣ್ಣ, ಕೋಳಿ ಹೋದ ದಿನ ನೀನು ನರಿ ಮುಖ ನೋಡಿದ್ದು ನಿಜ ತಾನೆ?"

"ನಿಜ."

"ಮೇಕೆಮರಿ ಹೋದ ದಿನ?"

"ನಿಜ."

"ಹುಂಜ ಹೋದ ದಿನ?"

"ದೇವರಾಣೆಗೂ ನಿಜ."

ಕೆಂಚವ್ವ ದೊರೆಯ ಕಡೆ ತಿರುಗಿದಳು. "ಕೇಳಿದ್ರಾ ಬುದ್ಧಿ? ಕಂಬಳೀಲಿ ಸುತ್ಕೊಂಡು ಹೋಗಿ ತೋರಿಸಿದ್ದಕ್ಕೇ ನಿಮಗೆ ರಾಜ್ಯ ಬಂತು. ಮುಖಕ್ಕೆ ಮುಖ ಕೊಟ್ಟು ನೋಡಿದವನ ಮನೆಗೆ ಏನೇನು ಬಂದಿರಬೇಡ? ನಡೀರಿ, ಆ ಅದೃಷ್ಟಾನ ಕಣ್ತುಂಬ ನೋಡ್ಕೊಂಡು ಬರೋಣ."

ದೊರೆ ಅಜ್ಜಿಯ ಕಡೆ ಬಾಗಿದ. "ಆ ಕಂಬಳಿ ಚುಚ್ತಿತ್ತು ಅಜ್ಜಿ," ಅಂದ ಮೆಲ್ಲಗೆ. "ಆದರೂ ಬೆಚ್ಚಗಿತ್ತು." ಎದ್ದು ನಿಂತ.

ಭರಮ ಅಡ್ಡ ಬಂದ. "ಬೇಡ ಬುದ್ಧಿ, ಮನೆ ಗುಡಿಸಿಲ್ಲ."

"ಅದೃಷ್ಟ ಕಸಕ್ಕೆ ಹೇಸಲ್ಲ ಬಿಡಪ್ಪ," ಅಂದಳು ಅಜ್ಜಿ.

"ನಾನು... ಅಷ್ಟು ಸರಿಯಾಗಿ ನೋಡಿಲ್ಲ."

"ಹಾಗಾದರೆ ದೇವರ ಮೇಲಿಟ್ಟ ಆಣೆ ಸುಳ್ಳಾ?" ಅಂತ ದೊರೆ ಕೇಳಿದ.

ಹೌದು ಅಂದರೂ ಕಷ್ಟ, ಅಲ್ಲ ಅಂದರೂ ಕಷ್ಟ. ಭರಮ ಮೀಸೆ ಕಚ್ಚಿಕೊಂಡು ನಿಂತ. ಊರೆಲ್ಲ ಅವನ ಮನೆಗೆ ನಡೆಯಿತು. ಹಿತ್ತಲ ಕಂಬಕ್ಕೆ ಮೇಕೆಮರಿ ಕಟ್ಟಿತ್ತು. ಮೂಲೆಯಲ್ಲಿ ಹುಂಜ, ಕೊಕ್ಕಿಗೆ ಬಟ್ಟೆ ಸುತ್ತಿಸಿಕೊಂಡು, ರಾಜಗಾಂಭೀರ್ಯದಿಂದ ಕೂತಿತ್ತು. ಬುಟ್ಟಿ ಎತ್ತಿದರೆ ಕೋಳಿ, ಕೆಳಗೆ ಹನ್ನೊಂದು ಮೊಟ್ಟೆ. ಮೂರನ್ನೂ ಪಕ್ಕದ ರಾಜ್ಯದ ಸಂತೆಗೆ ಸಾಗಿಸೋಕೆ ಭರಮ ಕೂಡಿಟ್ಟಿದ್ದ.

"ನಿನ್ನ ಅದೃಷ್ಟ ಚೆನ್ನಾಗಿ ಕಾವು ಕೂತಿದೆ ಕಣೋ," ಅಂದಳು ನೇಕಾರರ ಹೆಂಗಸು.

ಹೊಗೆ ಹಾಕೋ ಅಪ್ಪಣೆ ಅಲ್ಲೇ ರದ್ದಾಯಿತು. ಬಿಲದಿಂದ ಕೆರೆಯವರೆಗೆ ಒಂದು ಪಟ್ಟಿ ಕುರುಚಲು ಯಾರೂ ಕಡಿಯಬಾರದು ಅಂತ ದೊರೆ ಕಟ್ಟಳೆ ಮಾಡಿದ. ಭರಮನಿಗೆ ಹೊಸ ಕೆಲಸ: ದಿನಾ ನಸುಕಿಗೆ ಎದ್ದು ರಸ್ತೆಗೆ ಕೋಲು ಅಡ್ಡ ಹಿಡಿದು ಗಾಡಿಗಳನ್ನು ನಿಲ್ಲಿಸೋದು. "ಸ್ವಲ್ಪ ತಡೀರಪ್ಪ, ಬಾಣಂತಿ ನೀರಿಗೆ ಹೋಗ್ತಾ ಇದ್ದಾಳೆ." ಕಣ್ಣು ಬಿಟ್ಟು ಓಡಾಡೋ ಹಾಗಾದ ಮೇಲೆ ಅವಳ ಹಿಂದೆ ಮೂರು ಮರಿಗಳೂ ತಪ್ಪು ಹೆಜ್ಜೆ ಹಾಕಿಕೊಂಡು ದಾಟೋವು. ಗಾಡಿಯವರು ಬೈಯೋರು, ಬೈದುಕೊಂಡೇ ನೋಡೋರು.

ಅದಕ್ಕೇ ಮಕ್ಕಳೇ, ಬಂದು ನ್ಯಾಯ ಕೇಳಲಾರದವರ ತಲೆಗೆ ನಮ್ಮ ತಪ್ಪು ಕಟ್ಟಬಾರದು. ಕಟ್ಟಿದರೆ ಆಡಿದ ಸುಳ್ಳೇ ಊರನ್ನು ಕರಕೊಂಡು ನಮ್ಮ ಮನೆ ಬಾಗಿಲಿಗೆ ಬರುತ್ತೆ. ಮೊದಲಿಂದ ಇದ್ದವರಿಗೆ ನಡೆಯೋಕೆ ದಾರಿ ಬಿಟ್ಟು, ಆಮೇಲೆ ನಮ್ಮ ಮನೆ ಕಟ್ಟಬೇಕು.

ನರಿ ನೀರು ಕುಡಿದು ಬಿಲ ಸೇರಿತು. ನೀವೂ ಏಳಿ, ಮನೆ ಸೇರಿ.