ಬೋಳು ಮರಿಗೆ ಅಂಗಿ ಬೇಕು

ಕೇಳ್ತೀರಾ ಮಕ್ಕಳೇ? ಕೇಳೋದಾದ್ರೆ ಹ್ಞೂಂ ಅನ್ನಿ. ನಡುವೆ ಅಳಬಾರದು. ನನಗೇ ಅಳು ಬರೋ ಕತೆ ಇದು.

ಒಂದು ಕರಿ ಕುರಿ. ಅದಕ್ಕೊಂದು ಬಿಳಿ ಮರಿ.

ಅವತ್ತು ಉಣ್ಣೆ ಕತ್ತರಿಸೋ ದಿನ. ದೊಡ್ಡ ಕುರಿಗಳಿಗೆ ಮಾತ್ರ ಕತ್ತರಿ ಹಾಕಬೇಕು. ಎಳೆ ಮರಿಗೆ ಹಾಕಬಾರದು. ಆದ್ರೆ ಮರಿ ಅಮ್ಮನ ಹಿಂದೆ ಸಾಲಿನಲ್ಲಿ ನಿಂತಿತ್ತು. ಕುರುಬರ ಮಾಳಪ್ಪ ಮಾತಾಡ್ತಾ ಮಾತಾಡ್ತಾ ಕತ್ತರಿ ಆಡಿಸಿದ. ಕಚಕ್ ಕಚಕ್ ಕಚಕ್! ಮರಿ ಬೋಳಾಯ್ತು.

ಚಳಿಗಾಳಿ ಬೀಸಿತು. ಮರಿ ಗಡಗಡ ನಡುಗಿತು. "ಬ್ಯಾಽಽ!" ಅಂತು.

ಕುರಿ ಮಾಳಪ್ಪನ ಹತ್ತಿರ ಓಡಿತು.

"ಮಾಳಣ್ಣ, ಮಾಳಣ್ಣ, ಮರಿಯ ಉಣ್ಣೆ ಅಂಟಿಸು."

"ಕತ್ತರಿಸಿದ್ದು ಅಂಟುತ್ತೇನಮ್ಮಾ? ತಪ್ಪಾಯ್ತು. ತಗೋ, ಮರಿಯ ಉಣ್ಣೆ ನೀನೇ ಇಟ್ಕೋ. ನಾನು ಅಂಟಿಸಲ್ಲ."

ಕುರಿ ಹೊನ್ನಿಯ ಹತ್ತಿರ ಹೋಯ್ತು. ಹೊನ್ನಿ ಪುಟ್ಟ ಹುಡುಗಿ. ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣೆಯೋ ಕ್ರೋಶಾ ನಿನ್ನೆಯಷ್ಟೇ ಕಲಿತಿದ್ದಳು.

"ಹೊನ್ನಿ, ಹೊನ್ನಿ, ಅಂಗಿ ಹೆಣೆ. ಮಾಳಪ್ಪ ಅಂಟಿಸಲ್ಲ ಅಂದ. ನನ್ನ ಮರಿ ನಡುಗ್ತಿದೆ."

ಹೊನ್ನಿ ಹೊಳೆಯೋ ನೂಲು ತಂದಳು. ಅದು ಜಾರಿತು. ಕಪ್ಪು ನೂಲು ತಂದಳು. ಕಣ್ಣಿಗೆ ಹೆಣಿಗೆಯೇ ಕಾಣಲಿಲ್ಲ. ಅವಳ ಅಜ್ಜಿ ಗದರಿದಳು.

"ಕಲಿಯೋ ಕೈಗೆ ದಪ್ಪ ನೂಲು ಬೇಕು. ಬಿಳಿ ನೂಲು ಬೇಕು. ಮರಿಯ ಉಣ್ಣೆ ಕೊಡು, ನಾನು ನೂತು ಕೊಡ್ತೀನಿ. ಒಂದು ಅಂಗಿಗೆ ಸರಿಹೋಗುತ್ತೆ, ಒಂದೆಳೆಯೂ ಉಳಿಯಲ್ಲ."

ಅಜ್ಜಿ ದಪ್ಪಗೆ ನೂತಳು. ಹೊನ್ನಿಯ ಕಡ್ಡಿ ಸಣ್ಣದು. ನೂಲು ಕಡ್ಡಿಗೆ ಸಿಗಲೇ ಇಲ್ಲ.

"ದಪ್ಪ ಕಡ್ಡಿ ತಾ. ಇಲ್ಲಾಂದ್ರೆ ನಾನು ಹೆಣೆಯಲ್ಲ."

ಕುರಿ ಬಡಗಿ ಕಾಳಾಚಾರಿಯ ಹತ್ತಿರ ಹೋಯ್ತು.

"ಆಚಾರ‍್ರೇ, ಆಚಾರ‍್ರೇ, ದಪ್ಪ ಕಡ್ಡಿ ಕೆತ್ತಿ. ಹೊನ್ನಿ ಹೆಣೆಯಲ್ಲ ಅಂದ್ಲು. ಮಾಳಪ್ಪ ಅಂಟಿಸಲ್ಲ ಅಂದ. ನನ್ನ ಮರಿ ನಡುಗ್ತಿದೆ."

"ಬಿದಿರೇ ಇಲ್ಲ. ಬೆರಳು ಕೆತ್ತಲಾ? ನಾನು ಕೆತ್ತಲ್ಲ ಹೋಗು."

ದೂರದಲ್ಲಿ ಮರಿ ಕೂಗಿತು. "ಬ್ಯಾ." ದನಿ ಸಣ್ಣಗಾಗಿತ್ತು.

ಕುರಿ ಬಿದಿರು ಮೆಳೆಯ ಹತ್ತಿರ ಹೋಯ್ತು.

"ಬಿದಿರೇ, ಬಿದಿರೇ, ಒಂದು ಗೆಣ್ಣು ಕೊಡು. ಆಚಾರಿ ಕೆತ್ತಲ್ಲ ಅಂದ. ಹೊನ್ನಿ ಹೆಣೆಯಲ್ಲ ಅಂದ್ಲು. ಮಾಳಪ್ಪ ಅಂಟಿಸಲ್ಲ ಅಂದ. ನನ್ನ ಮರಿ ನಡುಗ್ತಿದೆ."

"ನನ್ನ ಮೇಲೆ ಕಾಗೆ ಗೂಡಿದೆ. ನಾನು ಅಲುಗಿದ್ರೆ ಮೊಟ್ಟೆ ಬೀಳುತ್ತೆ. ನಾನು ಕೊಡಲ್ಲ."

ಕುರಿ ಕತ್ತೆತ್ತಿ ಕಾಗೆಯನ್ನ ಕೇಳಿತು.

"ಕಾಗಕ್ಕ, ಕಾಗಕ್ಕ, ಬಿದಿರು ಅಲುಗೋಕೆ ಒಪ್ಕೋ. ಬಿದಿರು ಕೊಡಲ್ಲ ಅಂತು. ಆಚಾರಿ ಕೆತ್ತಲ್ಲ ಅಂದ. ಹೊನ್ನಿ ಹೆಣೆಯಲ್ಲ ಅಂದ್ಲು. ಮಾಳಪ್ಪ ಅಂಟಿಸಲ್ಲ ಅಂದ. ನನ್ನ ಮರಿ ನಡುಗ್ತಿದೆ."

"ನನ್ನ ಗೂಡು ಬರೀ ತೂತು. ಮೆತ್ತಗೆ ಹಾಸೋಕೆ ಏನಾದ್ರೂ ತಾ. ಮೊಟ್ಟೆ ಭದ್ರ ಆಗ್ಲಿ. ಅಲ್ಲಿವರೆಗೆ ನಾನು ಒಪ್ಪಲ್ಲ."

ಮೆತ್ತಗಿರೋದು ಎಲ್ಲಿದೆ? ಮರಿಯ ಉಣ್ಣೆಯಲ್ಲಿ ಒಂದೆಳೆಯೂ ಹೆಚ್ಚಿಲ್ಲ. ದೊಡ್ಡ ಕುರಿಗಳ ಉಣ್ಣೆ ಗಾಡಿ ಹತ್ತಿ ಸಂತೆಗೆ ಹೋಯ್ತು.

ಕುರಿ ಮರಿಯ ಹತ್ತಿರ ವಾಪಸ್ ಬಂತು. ಮರಿ ಬಾಯಿ ತೆರೆಯಿತು. ದನಿಯೇ ಬರಲಿಲ್ಲ.

"ಕಾಗೆ ಒಪ್ಪಲ್ಲ ಅಂತು. ಬಿದಿರು ಕೊಡಲ್ಲ ಅಂತು. ಆಚಾರಿ ಕೆತ್ತಲ್ಲ ಅಂದ. ಹೊನ್ನಿ ಹೆಣೆಯಲ್ಲ ಅಂದ್ಲು. ಮಾಳಪ್ಪ ಅಂಟಿಸಲ್ಲ ಅಂದ. ನಾನೇನು ಮಾಡ್ಲಿ ಮಗಾ? ಇನ್ನು ಯಾರನ್ನ ಕೇಳ್ಲಿ?"

ಕುರಿ ಅತ್ತಿತು. ಬಿಕ್ಕಿ ಬಿಕ್ಕಿ ಅತ್ತಿತು.

ಮರಿ ಮೆಲ್ಲಗೆ ಅಮ್ಮನ ಹೊಟ್ಟೆ ಕೆಳಗೆ ಮೂತಿ ತೂರಿಸಿತು. ಅಲ್ಲಿ ಒಂದು ಹಿಡಿ ಉಣ್ಣೆ ಉಳಿದಿತ್ತು. ಮಾಳಪ್ಪನ ಕತ್ತರಿಯಿಂದ ತಪ್ಪಿಸಿಕೊಂಡದ್ದು. ಮರಿಗೆ ಉಳಿದಿದ್ದ ಬಿಸಿ ಜಾಗ ಅದೊಂದೇ.

ಕುರಿ ಮರಿಯನ್ನ ಮೆಲ್ಲಗೆ ಸರಿಸಿತು. ಜಾಲಿ ಮುಳ್ಳಿಗೆ ಹೊಟ್ಟೆ ಉಜ್ಜಿತು. ನೋವಾಯ್ತು. ಆಗದೆ ಇರುತ್ತಾ? ಆ ಉಣ್ಣೆಯನ್ನೂ ಕಿತ್ತು ಕಾಗೆಗೆ ಕೊಟ್ಟಿತು.

ಕಾಗೆ ಒಪ್ಪಿತು. ಬಿದಿರು ಗೆಣ್ಣು ಕೊಟ್ಟಿತು. ಆಚಾರಿ ದಪ್ಪ ಕಡ್ಡಿ ಕೆತ್ತಿದ, ತುದಿಗೊಂದು ಕೊಕ್ಕೆ ಮಾಡಿದ. ಹೊನ್ನಿ ಹೆಣೆದಳು. ತಪ್ಪಿದಳು, ಬಿಚ್ಚಿದಳು, ಮತ್ತೆ ಹೆಣೆದಳು. ಸೊಟ್ಟಗೆ ಬಂತು. ಬರಲಿ ಬಿಡಿ! ಮಾಳಪ್ಪ ತಲೆ ತಗ್ಗಿಸಿಕೊಂಡು ಬಂದ, ತನ್ನ ಕೈಯಾರೆ ಮರಿಗೆ ತೊಡಿಸಿದ. ಮರಿಯ ಉಣ್ಣೆ ಮರಿಯ ಮೈಗೇ ಬಂತು.

ನಡುಕ ನಿಂತಿತು. "ಬ್ಯಾಽಽ!" ಅಂತು ಮರಿ.

ಈಗ ನಡುಗುತ್ತಿದ್ದದ್ದು ಅಮ್ಮ. ಮರಿ ನೋಡಿತು. ಅಂಗಿ ತೊಟ್ಟ ಮೈಯನ್ನ ಅಮ್ಮನ ಬೋಳು ಹೊಟ್ಟೆಗೆ ಒತ್ತಿಕೊಂಡು ಮಲಗಿತು.

"ಇನ್ನೂ ಹತ್ತಿರ ಬಾ ಮಗಾ," ಅಂತು ಅಮ್ಮ.